ಪಿಡಿಎಫ್ ಫಾರ್ಮ್ ಗುರುತಿಲ್ಲದೆ ತುಂಬೋಕೆ ಫೈರ್‌ಫಾಕ್ಸ್ ಮತ್ತೆ ಕ್ಯೂಪಿಡಿಎಫ್: ತುಂಬಾ ಕಾಲ ಬಳಸಿದ ಮೇಲಿನ ಅಭಿಪ್ರಾಯ

ಫೈರ್‌ಫಾಕ್ಸ್ ಬ್ರೌಸರ್, ಕ್ಯೂಪಿಡಿಎಫ್ ಅನ್ನೋದು ಪಿಡಿಎಫ್ ಫೈಲ್‌ಗಳನ್ನ ಬದಲಾಯಿಸೋ, ಕಮಾಂಡ್ ಟೈಪ್ ಮಾಡಿ ಓಡ್ಸೋ ಪ್ರೋಗ್ರಾಂ. ಎರಡೂ ಫ್ರೀ, ಎರಡೂ ಓಪನ್ ಸೋರ್ಸ್. ನನಗೆ ಬೇಕಿದ್ದಿದ್ದು ಇಷ್ಟೇ, ತುಂಬಿದ ಫಾರ್ಮ್ ಯಾರಿಗೆ ಕಳ್ಸಿದ್ರೂ ಅವ್ರಿಗೆ ಅದು ಟೈಪ್ ಮಾಡಿ ಪ್ರಿಂಟ್ ತೆಗೆದ ಹಾಳೆ ಥರಾನೇ ಕಾಣ್ಬೇಕು, ಅಕ್ಷರದ ಸುತ್ತ ಬಾಕ್ಸ್ ಇರಬಾರ್ದು, ಪಕ್ಕದಲ್ಲಿ ಕಾಮೆಂಟ್ ಗುರುತು ಬರಬಾರ್ದು, ಮೌಸ್ ಇಟ್ಟು ಎಳೆದ್ರೆ ನನ್ನ ಹೆಸ್ರು ಕಿತ್ಕೊಂಡು ಬರಬಾರ್ದು. ಈ ಜೋಡಿ ಅದನ್ನ ಚೆನ್ನಾಗಿ ಮಾಡುತ್ತೆ.

ತುಂಬೋ ಕೆಲ್ಸ ಪೂರ್ತಿ ಫೈರ್‌ಫಾಕ್ಸಲ್ಲೇ. ಫಾರ್ಮಲ್ಲಿ ನಿಜವಾದ ಫೀಲ್ಡ್, ಅಂದ್ರೆ ಟೈಪ್ ಮಾಡೋಕೆ ಅಂತಲೇ ಇಟ್ಟಿರೋ ಜಾಗ, ಇದ್ರೆ ಕ್ಲಿಕ್ ಮಾಡಿ ಟೈಪ್ ಮಾಡೋದು, ಸೇವ್ ಮಾಡೋದು, ಮುಗೀತು. ಫೀಲ್ಡ್ ಮೇಲೆ ಕಾಣೋ ತೆಳು ನೀಲಿ ಬಣ್ಣಕ್ಕೆ ಗಾಬರಿ ಬೇಡ, ಅದು ಸ್ಕ್ರೀನಲ್ಲಿ ಮಾತ್ರ, ಪ್ರಿಂಟಲ್ಲಿ ಬರಲ್ಲ. ಫೀಲ್ಡೇ ಇಲ್ಲದ ಫಾರ್ಮ್ ಆದ್ರೆ 2022ರ 106ನೇ ವರ್ಷನ್‌ನಿಂದ ಟೆಕ್ಸ್ಟ್ ಸೇರಿಸೋ ಬಟನ್ ಇದೆ, ಗೆರೆ ಮೇಲೆ ಸರಿಯಾಗಿ ಕೂರ್ಸೋಕೆ ಸ್ವಲ್ಪ ತಾಳ್ಮೆ ಬೇಕು ಅಷ್ಟೆ.

ಆದ್ರೆ ಇಲ್ಲಿಗೇ ನಿಲ್ಲಿಸಿದ್ರೆ ಕೆಲ್ಸ ಅರ್ಧ. ಹಾಗೆ ಸೇರಿಸಿದ ಟೆಕ್ಸ್ಟ್ ಪುಟದ ಒಳಗೆ ಹೋಗಿರಲ್ಲ, ಪುಟದ ಮೇಲೆ ಆನೋಟೇಶನ್ ಆಗಿ ಕೂತಿರುತ್ತೆ, ಗಾಜಿನ ಮೇಲೆ ಅಂಟಿಸಿದ ಚೀಟಿ ಹಾಗೆ. ಬೇರೆ ಸಾಫ್ಟ್‌ವೇರಲ್ಲಿ ತೆಗೆದ್ರೆ ಕಾಮೆಂಟ್ ಲಿಸ್ಟಲ್ಲಿ ಬರುತ್ತೆ, ಯಾರು ಬೇಕಾದ್ರೂ ಸರಿಸ್ಬಹುದು, ಅಳಿಸ್ಬಹುದು. ತುಂಬಿದ ಫೀಲ್ಡೂ ಅಷ್ಟೆ, ಇನ್ನೂ ಬದಲಾಯಿಸೋಕೆ ಆಗೋ ಸ್ಥಿತಿಯಲ್ಲೇ ಇರುತ್ತೆ. ಕ್ಯೂಪಿಡಿಎಫ್ ಬೇಕಾಗೋದು ಇಲ್ಲೇ, ಅದ್ರ ಫ್ಲಾಟನ್ ಆನೋಟೇಶನ್ಸ್ ಆಪ್ಷನ್‌ಗೆ ಆಲ್ ಅಂತ ಕೊಟ್ರೆ ಫೀಲ್ಡಿನ ಅಕ್ಷರ, ಸೇರಿಸಿದ ಟೆಕ್ಸ್ಟ್ ಎಲ್ಲಾ ಪುಟದ ಒಳಗೇ ಸೇರ್ಕೊಳುತ್ತೆ (ಇದಕ್ಕೇ ಫ್ಲಾಟನ್ ಮಾಡೋದು ಅನ್ನೋದು), ಸೆಲೆಕ್ಟ್ ಮಾಡೋ ಬಾಕ್ಸೇ ಉಳಿಯಲ್ಲ. ಕಮಾಂಡ್ ಲೈನ್ ಅಂತ ಹೆದರ್ಬೇಡಿ, ಒಂದೇ ಸಾಲು, ಒಂದ್ಸಲ ಬರೆದಿಟ್ಕೊಂಡ್ರೆ ಪ್ರತಿ ಸಲ ಫೈಲ್ ಹೆಸ್ರು ಬದಲಾಯಿಸಿದ್ರೆ ಸಾಕು.

ನನಗೆ ಅತಿ ಇಷ್ಟ ಆಗಿದ್ದು ಇನ್ನೊಂದು, ಇದ್ರ ಬಗ್ಗೆ ಯಾರೂ ಅಷ್ಟಾಗಿ ಮಾತಾಡಲ್ಲ. ಪಿಡಿಎಫಲ್ಲಿ ಬದಲಾವಣೆ ಮಾಡಿ ಸೇವ್ ಮಾಡ್ದಾಗ ಎಷ್ಟೋ ಸಾಫ್ಟ್‌ವೇರ್‌ಗಳು ಹಳೇದನ್ನ ಅಳಿಸಲ್ಲ, ಹೊಸದನ್ನ ಫೈಲಿನ ಕೊನೆಗೆ ಸೇರಿಸ್ತವೆ, ಅಂದ್ರೆ ನೀವು ಮೊದಲು ತುಂಬಿ ಆಮೇಲೆ ತಿದ್ದಿದ ನಂಬರ್ ಒಳಗೆ ಹಾಗೇ ಉಳ್ದಿರುತ್ತೆ, ಗೊತ್ತಿರೋರು ತೆಗೀಬಹುದು! ಕ್ಯೂಪಿಡಿಎಫ್ ಫೈಲನ್ನ ಹೊಸದಾಗಿ ಬರೆಯುತ್ತೆ, ಆಗ ಹಳೇ ಆವೃತ್ತಿ ಉದುರಿ ಹೋಗುತ್ತೆ. ಇದೇ ಥರ, ತಪ್ಪಿನ ಮೇಲೆ ಬಿಳಿ ಬಾಕ್ಸ್ ಹಾಕಿ ಮುಚ್ಚೋ ಉಪಾಯ ದಯವಿಟ್ಟು ಮಾಡ್ಬೇಡಿ. ಕೆಳಗಿನ ಅಕ್ಷರ ಅಲ್ಲೇ ಇರುತ್ತೆ, ಸೆಲೆಕ್ಟ್ ಮಾಡಿ ಕಾಪಿ ಮಾಡಿದ್ರೆ ಬಂದ್ಬಿಡುತ್ತೆ, ಫ್ಲಾಟನ್ ಮಾಡಿದ್ರೂ ಅದು ಹೋಗಲ್ಲ.

ಆಗದೇ ಇರೋದೂ ಇದೆ. ಫಾರ್ಮಲ್ಲಿ ಮೊದ್ಲೇ ಅಚ್ಚಾಗಿರೋ ಸಾಲು ತಿದ್ದೋಕೆ ಈ ಜೋಡಿಯಿಂದ ಆಗಲ್ಲ. ಲಿಬ್ರೆಆಫೀಸ್ ಡ್ರಾದಲ್ಲಿ ತೆಗೆದು ತಿದ್ಬಹುದು, ಆದ್ರೆ ಪಿಡಿಎಫ್ ಒಳಗೆ ಸಾಮಾನ್ಯವಾಗಿ ಬಳಸಿದ ಅಕ್ಷರಗಳಷ್ಟೇ ಫಾಂಟ್ ಇರುತ್ತೆ, ಪೂರ್ತಿ ಫಾಂಟ್ ನಿಮ್ಮ ಸಿಸ್ಟಮಲ್ಲಿ ಇಲ್ಲಾಂದ್ರೆ ತಿದ್ದಿದ ಸಾಲು ಬೇರೆ ಥರ ಕಂಡು ಎದ್ದು ಕಾಣುತ್ತೆ. ಕನ್ನಡ ಇದ್ರಂತೂ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗೋ ಸಾಧ್ಯತೆ ಜಾಸ್ತಿ. ಮೂಲ ಡಾಕ್ಯುಮೆಂಟ್ ಇಸ್ಕೊಂಡು ಅದ್ರಲ್ಲೇ ತಿದ್ದಿ ಮತ್ತೆ ಪಿಡಿಎಫ್ ಮಾಡೋದೇ ಸರಿ ದಾರಿ.

ಎಕ್ಸ್‌ಎಫ್‌ಎ ಅನ್ನೋ ಹಳೇ ಜಾತಿ ಫಾರ್ಮ್‌ಗಳನ್ನ, ಬೇರೆ ಕಡೆ ತೆಗೆದ್ರೆ ದಯವಿಟ್ಟು ಕಾಯಿರಿ ಅಂತ ಮಾತ್ರ ತೋರ್ಸೋವು, ಫೈರ್‌ಫಾಕ್ಸ್ 2021ರಿಂದ ತೆಗೆಯುತ್ತೆ. ಕ್ಯೂಪಿಡಿಎಫ್ ಇವನ್ನ ಫ್ಲಾಟನ್ ಮಾಡಲ್ಲ, ಹಾಗಾಗಿ ಇವಕ್ಕೆ ಫೈರ್‌ಫಾಕ್ಸಿಂದಲೇ ಪ್ರಿಂಟ್ ಕೊಟ್ಟು ಪಿಡಿಎಫ್ ಆಗಿ ಸೇವ್ ಮಾಡಿ. ಡಿಜಿಟಲ್ ಸಹಿ ಆಗಿರೋ ಫೈಲನ್ನ ಮಾತ್ರ ಮುಟ್ಲೇಬೇಡಿ, ಫ್ಲಾಟನ್ ಮಾಡಿದ್ರೆ ಸಹಿ ಕೆಟ್ಟೋಗುತ್ತೆ.

ಕಳ್ಸೋ ಮುಂಚೆ ನಾನು ಬೇರೊಂದು ರೀಡರಲ್ಲಿ ತೆಗೆದು ಫೀಲ್ಡ್ ಇದ್ದ ಜಾಗದಲ್ಲಿ ಕ್ಲಿಕ್ ಮಾಡಿ ನೋಡ್ತೀನಿ, ಎಲ್ಲಾ ಸೆಲೆಕ್ಟ್ ಮಾಡಿ ಏನೇನು ಬರುತ್ತೆ ನೋಡ್ತೀನಿ. ಫ್ಲಾಟನ್ ಆದ್ಮೇಲೆ ವಾಪಸ್ ಫೀಲ್ಡ್ ಬರಲ್ಲ, ಹಾಗಾಗಿ ತುಂಬಿದ ಒರಿಜಿನಲ್ ಬೇರೆ ಹೆಸರಲ್ಲಿ ಇಟ್ಕೊಳ್ಳಿ.