ಒಂದೇ ಫ್ಲಾಸ್ಕ್, ಮೂರು ಮಾಡೆಲ್: ಲಾಜಿಸ್ಟಿಕ್, ಗೊಂಪರ್ಟ್ಜ್, ಮೊನೋ

ಶಿವಮೊಗ್ಗದ ನಮ್ಮ ಸಣ್ಣ ಲ್ಯಾಬ್‌ನಲ್ಲಿ ಸ್ಯೂಡೋಮೊನಾಸ್ ಫ್ಲೋರೆಸೆನ್ಸ್ ಎಂಬ, ಗಿಡದ ರೋಗ ತಡೆಯಲು ಬಳಸುವ ಬ್ಯಾಕ್ಟೀರಿಯಾ ಬೆಳೆಸುತ್ತೇವೆ. ಮಳೆ ಹಿಡಿಯುವ ಮೊದಲು ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕಾಳುಮೆಣಸಿನ ಬೆಳೆಗಾರರು ಕೇಳಿಕೊಂಡು ಬರುತ್ತಾರೆ. ಕಲ್ಚರ್, ಅಂದರೆ ಫ್ಲಾಸ್ಕ್‌ನಲ್ಲಿ ಬೆಳೆದ ಬ್ಯಾಕ್ಟೀರಿಯಾ ದ್ರವ, ಬೆಳೆಯುವುದನ್ನು ನಿಲ್ಲಿಸಿ ಯಾವಾಗ ಇಳಿಸಬೇಕು ಅನ್ನೋದೇ ನಮಗೆ ದೊಡ್ಡ ಪ್ರಶ್ನೆ. ಬೇಗ ಇಳಿಸಿದರೆ ಜೀವಕೋಶ ಕಡಿಮೆ, ತಡವಾದರೆ ಸತ್ತವು ಜಾಸ್ತಿ. ಅದಕ್ಕೇ ಒಂದೇ ಅಳತೆಗಳಿಗೆ ಮೂರು ಮಾಡೆಲ್ (ಬೆಳವಣಿಗೆಯನ್ನು ಲೆಕ್ಕ ಹಾಕುವ ಸಮೀಕರಣ) ಹೊಂದಿಸಿ ನೋಡಿದೆ. ಎಲ್ಲಕ್ಕೂ ಅಳತೆಗಳಿಗೆ ಸರಿಹೊಂದುವ ಸಂಖ್ಯೆ ಹುಡುಕಿಕೊಡುವ ಎಕ್ಸೆಲ್‌ನ ಸಾಲ್ವರ್ ಸಾಕಾಯಿತು.

ಮೊದಲು ಅಳತೆಯ ಮಾತು. 600 ನ್ಯಾನೋಮೀಟರ್ ಬೆಳಕಿನಲ್ಲಿ ಓಡಿ (ಆಪ್ಟಿಕಲ್ ಡೆನ್ಸಿಟಿ, ಅಂದರೆ ಕಲ್ಚರ್ ಎಷ್ಟು ಮಬ್ಬಾಗಿದೆ ಎಂಬ ಅಳತೆ) ನೋಡುತ್ತೇವೆ. ಕಲ್ಚರ್ ದಟ್ಟವಾದ ಮೇಲೆ ಮೀಟರ್ ಕಡಿಮೆ ತೋರಿಸುತ್ತದೆ. ಡೈಲ್ಯೂಟ್ ಮಾಡಿ, 0.4ರ ಒಳಗೆ ತಂದು, ಆಮೇಲೆ ಎಷ್ಟು ಪಟ್ಟು ಡೈಲ್ಯೂಟ್ ಮಾಡಿದಿರೋ ಅಷ್ಟರಿಂದ ಗುಣಿಸಿ. ಇಲ್ಲದಿದ್ದರೆ ಬೆಳವಣಿಗೆ ನಿಲ್ಲುವ ಮೊದಲೇ ಗ್ರಾಫ್ ಚಪ್ಪಟೆಯಾಗುತ್ತದೆ.

ಲಾಜಿಸ್ಟಿಕ್ 1838ರಲ್ಲಿ ಬೆಲ್ಜಿಯಂನ ಗಣಿತಜ್ಞ ವರ್ಹುಲ್ಸ್ಟ್ ಜನಸಂಖ್ಯೆಗೆಂದು ಕೊಟ್ಟ ಸಮೀಕರಣ. ಸರಳ. ಆದರೆ ಶುರುವಿನ ಸುಮ್ಮನಿರುವ ಹೊತ್ತು, ಅಂದರೆ ಲ್ಯಾಗ್, ಅದಕ್ಕೆ ಗೊತ್ತೇ ಇಲ್ಲ. ಫ್ರಿಜ್‌ನಿಂದ ತೆಗೆದ ಹಳೇ ಕಲ್ಚರ್ ಹಾಕಿದಾಗ ಲೆಕ್ಕ ಪೂರ್ತಿ ತಪ್ಪಿತು. ನಾನು ಅದನ್ನು ಕೈಬಿಟ್ಟೆ.

ಗೊಂಪರ್ಟ್ಜ್ 1825ರದ್ದು, ಮನುಷ್ಯರ ಸಾವಿನ ಲೆಕ್ಕಕ್ಕೆ ಬಂದದ್ದು. 1990ರಲ್ಲಿ ಜ್ವೀಟರಿಂಗ್ ಎಂಬ ಸಂಶೋಧಕರು ಮತ್ತು ಜೊತೆಯವರು ಅದನ್ನು ಬ್ಯಾಕ್ಟೀರಿಯಾಕ್ಕೆ ಒಗ್ಗಿಸಿ ಬರೆದರು: ಲ್ಯಾಗ್ ಎಷ್ಟು, ಅತಿ ಹೆಚ್ಚಿನ ವೇಗ ಎಷ್ಟು, ಕೊನೆಗೆ ಎಷ್ಟಕ್ಕೆ ನಿಲ್ಲುತ್ತದೆ. ಮೂರೂ ನಮಗೆ ಬೇಕಾದ ಸಂಖ್ಯೆಗಳೇ. ಆಷಾಢದ ಜಡಿಮಳೆಯಲ್ಲಿ ರೂಮು ತಣ್ಣಗಾದಾಗ ಲ್ಯಾಗ್ ಉದ್ದವಾಗುವುದು, ವೇಗ ಇಳಿಯುವುದು ಬೇರೆ ಬೇರೆಯಾಗಿ ಕಂಡಿತು. ಒಂದು ಎಚ್ಚರಿಕೆ: ಓಡಿಯನ್ನು ಹಾಗೇ ಹಾಕಬೇಡಿ, ಶುರುವಿನ ಓಡಿಯಿಂದ ಭಾಗಿಸಿ, ಅದರ ನ್ಯಾಚುರಲ್ ಲಾಗ್ (ಎಕ್ಸೆಲ್‌ನ LN) ಲೆಕ್ಕ ಹಾಕಿ ಬಳಸಿ. ಆಗ ಮಾತ್ರ 0.693 ಅನ್ನು ಸಿಗುವ ವೇಗದಿಂದ ಭಾಗಿಸಿ, ಜೀವಕೋಶ ಎರಡರಷ್ಟಾಗುವ ಸಮಯ ಹೇಳಬಹುದು.

ಈ ಎರಡೂ ಆಹಾರದ ಮಾತೇ ಎತ್ತುವುದಿಲ್ಲ. ಮೀಡಿಯಂಗೆ (ಬ್ಯಾಕ್ಟೀರಿಯಾ ಬೆಳೆಸುವ ದ್ರವಕ್ಕೆ) ಆಹಾರವಾಗಿ ಹಾಕುವ ಗ್ಲಿಸರಾಲ್ ಅರ್ಧ ಮಾಡಿದರೆ ಏನಾಗುತ್ತದೆ ಎಂದು ಕೇಳಿದರೆ ಉತ್ತರವಿಲ್ಲ. ಅಲ್ಲಿ ಬೇಕಾಗುವುದು ಫ್ರೆಂಚ್ ವಿಜ್ಞಾನಿ ಜಾಕ್ ಮೊನೋ ಕೊಟ್ಟ ಸಮೀಕರಣ. ಆಹಾರ ಕಡಿಮೆಯಾದಂತೆ ವೇಗ ಹೇಗೆ ಇಳಿಯುತ್ತದೆ ಎಂಬುದನ್ನು ಅದು ಹೇಳುತ್ತದೆ. ವೇಗ ತನ್ನ ಅತಿ ಹೆಚ್ಚಿನ ಮಟ್ಟದ ಅರ್ಧಕ್ಕೆ ಇಳಿಯುವ ಆಹಾರದ ಮಟ್ಟವೇ ಕೆಎಸ್ (Ks).

ಇದರ ಜೊತೆ ನಾನು ಹೆಚ್ಚು ಗುದ್ದಾಡಿದೆ. ಫ್ಲಾಸ್ಕ್‌ನಲ್ಲಿ ಬಹುಹೊತ್ತು ಆಹಾರ ಕೆಎಸ್‌ಗಿಂತ ಎಷ್ಟೋ ಜಾಸ್ತಿ ಇರುತ್ತದೆ. ಅದು ಖಾಲಿಯಾಗುವ ಕೊನೆಯ ಗಳಿಗೆಯಲ್ಲಷ್ಟೇ ಕೆಎಸ್ ಸುಳಿವು ಕೊಡುತ್ತದೆ. ಗಂಟೆಗೊಮ್ಮೆ ಸ್ಯಾಂಪಲ್ ತೆಗೆದರೆ ಆ ಗಳಿಗೆ ಕೈತಪ್ಪುತ್ತದೆ. ಬೇರೆ ಬೇರೆ ಕೆಎಸ್ ಕೊಟ್ಟರೂ ಸಾಲ್ವರ್ ಹೆಚ್ಚುಕಡಿಮೆ ಅದೇ ಗೆರೆ ಎಳೆಯಿತು. ಅಂಥ ಕೆಎಸ್ ನಂಬುವುದು ಹೇಗೆ? ಜೊತೆಗೆ ನಾವು ಬಳಸುವ ಕಿಂಗ್ಸ್ ಬಿ ಮೀಡಿಯಂನಲ್ಲಿ ಗ್ಲಿಸರಾಲ್ ಅಲ್ಲದೆ ಪೆಪ್ಟೋನ್ ಎಂಬ ಇನ್ನೊಂದು ಆಹಾರವೂ ಇದೆ. ಅದಕ್ಕೇ ಗ್ಲಿಸರಾಲ್ ಅರ್ಧ ಮಾಡಿದಾಗ ಬ್ಯಾಕ್ಟೀರಿಯಾ ಬೆಳೆದ ಪ್ರಮಾಣ ಅರ್ಧಕ್ಕೆ ಇಳಿಯಲಿಲ್ಲ.

ಇನ್ನೊಂದು ಗಾಳಿಯ ವಿಷಯ. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಚೆನ್ನಾಗಿ ಬೇಕು. ಅರ್ಧ ಫ್ಲಾಸ್ಕ್ ತುಂಬಿ ಶೇಕರ್‌ನಲ್ಲಿ ಇಟ್ಟಾಗ ಓಡಿ ಒಂದು ಹಂತದ ಮೇಲೆ ನೇರ ಗೆರೆಯಲ್ಲಿ ಏರತೊಡಗಿತು. ಗ್ಲಿಸರಾಲ್ ಇನ್ನೂ ಇತ್ತು, ಗಾಳಿ ಸಾಲುತ್ತಿರಲಿಲ್ಲ. ಐದನೇ ಒಂದು ಭಾಗ ಮಾತ್ರ ತುಂಬಿದಾಗ ಮೊನೋ ಗೆರೆ ಬಹಳ ಹತ್ತಿರ ಬಂತು.

ಈಗ ಇಳಿಸುವ ಹೊತ್ತಿಗೆ ನಾನು ಗೊಂಪರ್ಟ್ಜ್ ಅನ್ನೇ ನೆಚ್ಚಿಕೊಂಡಿದ್ದೇನೆ. ಮೀಡಿಯಂ ಬದಲಿಸುವುದಿದ್ದರೆ, ಫರ್ಮೆಂಟರ್‌ಗೆ (ದೊಡ್ಡ ಪ್ರಮಾಣದಲ್ಲಿ ಬೆಳೆಸುವ ತೊಟ್ಟಿಗೆ) ಹೋಗುವುದಿದ್ದರೆ ಮೊನೋ ಬಿಟ್ಟು ದಾರಿಯಿಲ್ಲ. ಆದರೆ ಒಂದೇ ಆಹಾರವಿರುವ ಮೀಡಿಯಂ ಮಾಡಿಕೊಳ್ಳಿ, ಕೊನೆಯಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಸ್ಯಾಂಪಲ್ ತೆಗೆಯಿರಿ, ಓಡಿ ಜೊತೆಗೆ ಉಳಿದ ಗ್ಲಿಸರಾಲ್ ಎಷ್ಟೆಂದೂ ಅಳೆಯಿರಿ.