ಬರಹದ ಯೋಜನೆ: ತಾರೀಖು ನೋಡಿಯೋ, ಕೀವರ್ಡ್ ನೋಡಿಯೋ, ವಿಷಯ ನೋಡಿಯೋ?

ಮುಂಬಯಿಯ ಮಾಟುಂಗದಲ್ಲಿ ನಮ್ಮ ಸೋದರಮಾವನ ಅಂಗಡಿ. ಕುಚ್ಚಲಕ್ಕಿ, ಪುನರ್ಪುಳಿ, ಮಂಗಳೂರು ಸೌತೆ, ತುಳುವರ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕೆಸುವಿನ ಎಲೆ, ಹೀಗೆ ಊರ ಸಾಮಾನು. ಅಂಗಡಿಯ ಜಾಲತಾಣಕ್ಕೆ ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ಗಿರಾಕಿಗಳು ಡೊಂಬಿವಲಿ, ಠಾಣೆ, ಮೀರಾ ರೋಡ್, ನವಿ ಮುಂಬಯಿ ಎಂದು ಹರಡಿಕೊಂಡಿದ್ದಾರೆ. ಅವರು ಗೂಗಲ್‌ನಲ್ಲಿ ಏನಾದರೂ ಹುಡುಕಿದರೆ ನಮ್ಮ ಪುಟ ಮೇಲೆ ಸಿಗಬೇಕು. ಏನು ಬರೆಯುವುದು, ಯಾವಾಗ ಬರೆಯುವುದು, ಯಾವುದರ ಜೊತೆ ಯಾವುದನ್ನು ಇಡುವುದು ಎಂಬುದಕ್ಕೆ ಮೂರು ಪದ್ಧತಿಗಳನ್ನು ಒಂದಾದ ಮೇಲೊಂದು ಬಳಸಿ ನೋಡಿದೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ: ಕನ್ನಡದ ಸಣ್ಣ ಜಾಲತಾಣಕ್ಕೆ ವಿಷಯವಾರು ಕಟ್ಟುವುದೇ ಲೇಸು. ಅದಕ್ಕೆ ಬೇಕಾದ ಸರಕು ಮಾತ್ರ ಹುಡುಕಾಟದ ಲೆಕ್ಕ ಕೊಡುವ ಉಪಕರಣಗಳಿಗಿಂತ ಹೆಚ್ಚಾಗಿ ಅಂಗಡಿಯ ಫೋನಿನಲ್ಲಿ ಸಿಗುತ್ತದೆ.

ಮೊದಲನೆಯದು ಕ್ಯಾಲೆಂಡರ್. ಮಂಗಳವಾರ ಒಂದು, ಶುಕ್ರವಾರ ಒಂದು ಬರಹ, ಜೊತೆಗೆ ಹಬ್ಬಗಳಿಗೆ ಮೊದಲೇ ಗುರುತು. ಊರ ಸಾಮಾನಿನ ವ್ಯಾಪಾರ ನಡೆಯುವುದೇ ಪಂಚಾಂಗದ ಮೇಲೆ, ಹಾಗಾಗಿ ಮಾವನಿಗೆ ಇದು ಕೂಡಲೇ ಹಿಡಿಸಿತು. ನಾಗರ ಪಂಚಮಿಗೆ ಅರಶಿನ ಎಲೆ, ಆಟಿಗೆ ಕೆಸುವಿನ ಎಲೆಯ ಪತ್ರೊಡೆ, ಚೌತಿಗೆ ಕಡುಬು. ಋತುವಿಗೆ ಸಂಬಂಧಿಸಿದ ಬರಹಗಳಲ್ಲಿ ಕ್ಯಾಲೆಂಡರನ್ನು ಯಾವುದೂ ಮೀರಿಸುವುದಿಲ್ಲ. ಹೊಸ ಪುಟವೊಂದನ್ನು ಗೂಗಲ್ ಓದಿ ತನ್ನ ಪಟ್ಟಿಗೆ ಸೇರಿಸಿಕೊಳ್ಳಲು ಕೆಲವು ದಿನಗಳಿಂದ ಕೆಲವು ವಾರಗಳವರೆಗೆ ಹಿಡಿಯಬಹುದು. ಹಬ್ಬದ ಮುನ್ನಾದಿನ ಬರೆದದ್ದು ಹಬ್ಬ ಕಳೆದ ಮೇಲೆ ಕಾಣಿಸಿಕೊಂಡರೆ ಯಾರಿಗೆ ಬೇಕು? ಅದೂ ಅಲ್ಲದೆ ಹಬ್ಬದ ತಾರೀಖು ನಿಂತಲ್ಲಿ ನಿಲ್ಲುವುದಿಲ್ಲ. ಚೌತಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂದರೆ 2025ರಲ್ಲಿ ಆಗಸ್ಟ್ 27ಕ್ಕೆ, 2026ರಲ್ಲಿ ಸೆಪ್ಟೆಂಬರ್ 14ಕ್ಕೆ. ಆದ್ದರಿಂದ ಪುಟದ ವಿಳಾಸದಲ್ಲಿ ವರ್ಷ ಹಾಕದೆ, ಪ್ರತಿವರ್ಷ ಅದೇ ಪುಟವನ್ನು ತಿದ್ದಿ ತಾರೀಖು ಬದಲಿಸುವುದು ಒಳ್ಳೆಯದು. ಹಳೆಯ ಪುಟಕ್ಕೆ ಬೇರೆಯವರು ಕೊಟ್ಟ ಲಿಂಕ್‌ಗಳ ಬಲ ಹಾಗೆಯೇ ಉಳಿಯುತ್ತದೆ.

ತೊಂದರೆ ಇರುವುದು ಎರಡು ಹಬ್ಬಗಳ ನಡುವಿನ ಮಂಗಳವಾರಗಳಲ್ಲಿ. ಮನೆ ತುಂಬಿಸಲೇಬೇಕು ಎಂಬಂತೆ ಕ್ಯಾಲೆಂಡರಿನ ಖಾಲಿ ಚೌಕ ಬರಹ ಕೇಳುತ್ತದೆ, ಆಗ ಹುಟ್ಟುವುದೇ ‘ತೆಂಗಿನೆಣ್ಣೆಯ ಹತ್ತು ಲಾಭಗಳು’ ಜಾತಿಯದ್ದು. ಅಂಥದ್ದು ನೂರು ಕಡೆ ಇದೆ. ಹುಡುಕಾಟಕ್ಕೆಂದೇ ಹೆಣೆದ, ಓದುವವರಿಗೆ ಉಪಯೋಗವಿಲ್ಲದ ಪುಟಗಳನ್ನು ಕೆಳಕ್ಕೆ ತಳ್ಳುವ ವ್ಯವಸ್ಥೆಯನ್ನು ಗೂಗಲ್ 2022ರ ಆಗಸ್ಟ್‌ನಲ್ಲಿ ಇಂಗ್ಲಿಷಿಗೆ ತಂದಿತು, ಅದೇ ಡಿಸೆಂಬರ್‌ನಲ್ಲಿ ಎಲ್ಲ ಭಾಷೆಗಳಿಗೂ ಹರಡಿತು, 2024ರ ಮಾರ್ಚ್‌ನಲ್ಲಿ ತನ್ನ ಮುಖ್ಯ ವ್ಯವಸ್ಥೆಯೊಳಗೇ ಸೇರಿಸಿಕೊಂಡಿತು. ಕನ್ನಡದಲ್ಲಿ ಯಾರು ನೋಡುತ್ತಾರೆ ಎಂಬ ಧೈರ್ಯ ಇನ್ನು ನಡೆಯುವುದಿಲ್ಲ.

ಎರಡನೆಯದು ಕೀವರ್ಡ್ ಪಟ್ಟಿ. ಜನ ಯಾವ ಪದವನ್ನು ಎಷ್ಟು ಸಲ ಹುಡುಕುತ್ತಾರೆ ಎಂದು ಉಪಕರಣದಿಂದ ತೆಗೆದು, ದೊಡ್ಡ ಅಂಕಿಯಿಂದ ಶುರು ಮಾಡಿ ಕೆಳಗಿಳಿಯುವುದು. ಗೂಗಲ್‌ನ ಕೀವರ್ಡ್ ಪ್ಲಾನರ್ ಉಚಿತ, ಆದರೆ ಜಾಹೀರಾತಿಗೆ ದುಡ್ಡು ಹಾಕದ ಖಾತೆಗೆ 100ರಿಂದ 1,000 ಎಂಬಂಥ ಅಗಲವಾದ ಅಂದಾಜೇ ಗತಿ. ಹುಡುಕಾಟದ ಏರಿಳಿತ ತೋರಿಸುವ ಗೂಗಲ್ ಟ್ರೆಂಡ್ಸ್ ಕೊಡುವ 0ಯಿಂದ 100ರ ಅಂಕಿ ಹುಡುಕಾಟದ ಸಂಖ್ಯೆಯಲ್ಲ, ಆ ಅವಧಿಯ ಶಿಖರಕ್ಕೆ ಹೋಲಿಸಿದ ಪ್ರಮಾಣ. ಯಾವ ತಿಂಗಳು ಏರುತ್ತದೆ ಎಂದು ತಿಳಿಯಲು ಅದು ಸಾಕು, ಎಷ್ಟು ಮಂದಿ ಎಂದು ತಿಳಿಯಲು ಸಾಲದು. ತಿಂಗಳ ಬಾಡಿಗೆ ಕೊಟ್ಟು ಇನ್ನೊಂದು ಉಪಕರಣವನ್ನೂ ನೋಡಿದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಪದಗಳಿಗೆ ಚೆನ್ನಾಗಿತ್ತು, ಕನ್ನಡ ಲಿಪಿಯ ಪದ ಕೊಟ್ಟರೆ ಸಾಲಿಗೆ ಸಾಲು ಸೊನ್ನೆ. ಸೊನ್ನೆ ಎಂದರೆ ಯಾರೂ ಹುಡುಕುತ್ತಿಲ್ಲ ಎಂದಲ್ಲ, ಅಳೆಯುವಷ್ಟು ಮಾಹಿತಿ ಅದರ ಬಳಿ ಇಲ್ಲ ಎಂದು. ಪಟ್ಟಿಯನ್ನೇ ನಂಬಿದರೆ ಕನ್ನಡದಲ್ಲಿ ಬರೆಯಲು ಏನೂ ಉಳಿಯುವುದಿಲ್ಲ, ದೊಡ್ಡ ಅಂಕಿಯ ಇಂಗ್ಲಿಷ್ ಪದಗಳಲ್ಲಿ ಆನ್‌ಲೈನ್ ಮಾರಾಟದ ದೈತ್ಯರ ಜೊತೆ ಕುಸ್ತಿಗೆ ಇಳಿಯಬೇಕಾಗುತ್ತದೆ.

ಇಷ್ಟಾದರೂ ಪಟ್ಟಿಯನ್ನು ಪೂರ್ತಿ ಬಿಸಾಡಿಲ್ಲ. ಒಂದೇ ವಸ್ತುವಿಗೆ ಜನ ಎಷ್ಟು ಹೆಸರು ಬಳಸುತ್ತಾರೆ ಎಂಬುದು ಅದರಿಂದ ಬೇಗ ಸಿಗುತ್ತದೆ. ಮೂರನೆಯ ಪದ್ಧತಿಗೆ ಬೇಕಾದದ್ದು ಅದೇ.

ಮೂರನೆಯದು ವಿಷಯವಾರು ಕಟ್ಟುವುದು. ಇದರಲ್ಲಿ ತಾರೀಖೂ ಇಲ್ಲ, ಅಂಕಿಯೂ ಇಲ್ಲ. ಒಂದು ವಸ್ತುವಿಗೆ ಒಂದು ಮುಖ್ಯ ಪುಟ, ಅದರ ಸುತ್ತ ಬೇರೆ ಬೇರೆ ಪ್ರಶ್ನೆಗಳ ಸಣ್ಣ ಪುಟಗಳು, ಎಲ್ಲಕ್ಕೂ ಪರಸ್ಪರ ಲಿಂಕ್. ಪುನರ್ಪುಳಿಯನ್ನೇ ತೆಗೆದುಕೊಳ್ಳಿ. ಉಡುಪಿ, ಮಂಗಳೂರಿನವರು ಪುನರ್ಪುಳಿ ಎಂದು ಹುಡುಕುತ್ತಾರೆ, ಶಿರಸಿ ಕಡೆಯವರು ಮುರುಗಲು ಎಂದು, ಮುಂಬಯಿಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಕೋಕಮ್ ಎಂದು. ಕೀವರ್ಡ್ ಪಟ್ಟಿಯ ಪ್ರಕಾರ ಇವು ಮೂರು ಪದ, ಹಾಗಾಗಿ ಮೂರು ಪುಟ. ವಿಷಯದ ಪ್ರಕಾರ ಒಂದೇ ಹಣ್ಣು, ಒಂದೇ ಪುಟ. ಮೂರು ಪುಟ ಇದ್ದರೆ ಅವು ಒಂದರ ಕಾಲನ್ನು ಇನ್ನೊಂದು ಎಳೆಯುತ್ತವೆ. ಯಾವುದನ್ನು ಮೇಲಿಡಬೇಕೆಂದು ಗೂಗಲ್‌ಗೂ ಗೊತ್ತಾಗುವುದಿಲ್ಲ. ಒಂದೇ ಜಾಲತಾಣದಿಂದ ಸಾಮಾನ್ಯವಾಗಿ ಎರಡಕ್ಕಿಂತ ಹೆಚ್ಚು ಫಲಿತಾಂಶಗಳನ್ನು ಮೇಲಿನ ಸಾಲಿನಲ್ಲಿ ತೋರಿಸುವುದಿಲ್ಲ ಎಂದು ಅದು 2019ರ ಜೂನ್‌ನಲ್ಲೇ ಹೇಳಿದೆ. ಆದ್ದರಿಂದ ಮೂರನ್ನೂ ಬೆಸೆದು ಒಂದು ಪುಟ ಮಾಡಿ, ಉಳಿದೆರಡು ವಿಳಾಸಗಳಿಂದ ಅದಕ್ಕೆ 301 ರೀಡೈರೆಕ್ಟ್ ಕೊಟ್ಟೆ, ಅಂದರೆ ಹಳೆಯ ವಿಳಾಸಕ್ಕೆ ಬಂದವರು ತಾನಾಗಿ ಹೊಸ ಪುಟಕ್ಕೆ ಹೋಗುವಂತೆ ಮಾಡಿದೆ. ಮೂರು ಹೆಸರೂ ಶೀರ್ಷಿಕೆ ಮತ್ತು ಉಪಶೀರ್ಷಿಕೆಗಳಲ್ಲಿ ಸಹಜವಾಗಿ ಬಂದವು. ಸಾರು ಮಾಡುವುದು, ಶರಬತ್ತಿಗೆ ಸಕ್ಕರೆಯ ಪ್ರಮಾಣ, ಒಣ ಸಿಪ್ಪೆ ಮಳೆಗಾಲದಲ್ಲಿ ಬೂಸ್ಟು ಹಿಡಿಯದಂತೆ ಇಡುವುದು, ಇವು ಸುತ್ತಲಿನ ಪುಟಗಳು. ಹೀಗೆ ಮಾಡಿದ ಮೇಲೆ ಮುರುಗಲು ಎಂದು ಹುಡುಕಿದವರಿಗೂ ಪುನರ್ಪುಳಿಯ ಪುಟವೇ ಸಿಗತೊಡಗಿತು. ಮೂರು ಪದ್ಧತಿಗಳಲ್ಲಿ ಕಣ್ಣಿಗೆ ಕಾಣುವಷ್ಟು ಸ್ಥಾನ ಮೇಲೇರಿದ್ದು ಇದರಲ್ಲಿ ಮಾತ್ರ.

ವಿಳಾಸದ ಬಗ್ಗೆ ಒಂದು ಅಡ್ಡಮಾತು. ಪುಟದ ವಿಳಾಸವನ್ನು ಕನ್ನಡ ಲಿಪಿಯಲ್ಲಿ ಇಟ್ಟರೆ ಗೂಗಲ್‌ಗೆ ತಕರಾರಿಲ್ಲ. ಆದರೆ ಅದನ್ನು ಕಾಪಿ ಮಾಡಿ ವಾಟ್ಸಾಪಿಗೆ ಹಾಕಿದಾಗ ಒಂದೊಂದು ಅಕ್ಷರ ಚಿಹ್ನೆಯೂ ಶೇಕಡಾ ಗುರುತುಗಳ ಒಂಬತ್ತು ಅಕ್ಷರದ ಸರವಾಗಿ ಬಿಚ್ಚಿಕೊಳ್ಳಬಹುದು. ಕಾಗುಣಿತದ ಗುರುತುಗಳನ್ನೂ ಸೇರಿಸಿ ಒಂಬತ್ತು ಚಿಹ್ನೆಗಳಿರುವ ಪುನರ್ಪುಳಿ ಒಂದೇ ಪದ 81 ಅಕ್ಷರ ಆಗುತ್ತದೆ. ‘ಇದೆಂತ ಮಾರಾಯ, ವೈರಸ್ಸಾ?’ ಎಂದು ಮಾವನೇ ಕೇಳಿದರು. ಗಿರಾಕಿಗಳಲ್ಲಿ ಅರ್ಧಕ್ಕರ್ಧ ಕನ್ನಡ ಸಂಘದ ವಾಟ್ಸಾಪ್ ಗುಂಪುಗಳಿಂದ ಬರುವವರು, ಹಾಗಾಗಿ ವಿಳಾಸಕ್ಕೆ ಇಂಗ್ಲಿಷ್ ಅಕ್ಷರ, ಶೀರ್ಷಿಕೆಗೂ ಬರಹಕ್ಕೂ ಕನ್ನಡ.

ಸುತ್ತಲಿನ ಪುಟಗಳಿಗೆ ಪ್ರಶ್ನೆ ಎಲ್ಲಿಂದ ತರುವುದು? ಎಲ್ಲರೂ ಹೇಳುವುದು ಸರ್ಚ್ ಕನ್ಸೋಲ್, ನಮ್ಮ ಪುಟಗಳು ಹುಡುಕಾಟದಲ್ಲಿ ಹೇಗೆ ಕಾಣಿಸಿಕೊಂಡವು ಎಂದು ತೋರಿಸುವ ಗೂಗಲ್‌ನ ಉಪಕರಣ. ಹೌದು, 16 ತಿಂಗಳವರೆಗಿನ ಲೆಕ್ಕ ಅದರಲ್ಲಿ ಉಚಿತವಾಗಿ ಸಿಗುತ್ತದೆ. ಇಂಪ್ರೆಶನ್ (ಫಲಿತಾಂಶಗಳಲ್ಲಿ ಪುಟ ಎಷ್ಟು ಸಲ ಕಾಣಿಸಿಕೊಂಡಿತು ಎಂಬ ಲೆಕ್ಕ) ಚೆನ್ನಾಗಿದ್ದು ಸರಾಸರಿ ಸ್ಥಾನ 8ರಿಂದ 20ರೊಳಗೆ ಇರುವ ಪುಟಗಳನ್ನು ಹೆಕ್ಕಿ ತಿದ್ದುವುದು ಹೊಸ ಪುಟ ಬರೆಯುವುದಕ್ಕಿಂತ ಕಡಿಮೆ ಶ್ರಮದ ಕೆಲಸ. ಆದರೆ ತೀರಾ ಅಪರೂಪಕ್ಕೆ ಬರುವ ಹುಡುಕಾಟಗಳನ್ನು ಅದು ಖಾಸಗಿತನದ ಕಾರಣಕ್ಕೆ ಪಟ್ಟಿಯಲ್ಲಿ ತೋರಿಸುವುದಿಲ್ಲ. ಕನ್ನಡದಲ್ಲಿ, ಅದೂ ಕೆಸುವಿನ ಎಲೆಯಂಥ ವಿಷಯದಲ್ಲಿ, ಹುಡುಕಾಟ ಎಂದರೇ ಅಪರೂಪದ್ದು. ಪುಟದ ಕ್ಲಿಕ್ ಕಾಣುತ್ತದೆ, ಯಾವ ಪದದಿಂದ ಬಂದರು ಎಂಬುದು ಕಾಣುವುದಿಲ್ಲ.

ಆ ಜಾಗವನ್ನು ತುಂಬಿದ್ದು ಗಲ್ಲೆಯ ಪಕ್ಕದ ಒಂದು ನೋಟುಬುಕ್ಕು. ಫೋನ್ ಮಾಡಿದವರು ಕೇಳಿದ್ದನ್ನು ಕೇಳಿದ ಮಾತಿನಲ್ಲೇ ಬರೆದಿಡಿ ಎಂದೆ. ಮಾವನಿಗೆ ಇದು ಹುಚ್ಚು ಎನಿಸಿತು. ಅಂಗಡಿಯ ಹುಡುಗ ಮಾತ್ರ ಮುತುವರ್ಜಿಯಿಂದ ಬರೆದ. ‘ಪತ್ರೊಡೆ ತಿಂದರೆ ಗಂಟಲು ತುರಿಸುತ್ತದಲ್ಲ, ಎಂತ ಮಾಡುವುದು?’ ‘ಕುಚ್ಚಲಕ್ಕಿ ಕುಕ್ಕರಿನಲ್ಲಿ ಎಷ್ಟು ಸೀಟಿ?’ ‘ಅರಶಿನ ಎಲೆ ಫ್ರಿಜ್ಜಿನಲ್ಲಿ ಇಟ್ಟರೆ ಪಂಚಮಿವರೆಗೆ ಬರುತ್ತದಾ?’ ಇವೇ ಪ್ರಶ್ನೆಗಳು, ಇದೇ ಮಾತಿನಲ್ಲಿ, ಉಪಶೀರ್ಷಿಕೆಗಳಾದವು. ಕೆಸುವಿನಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿರುತ್ತವೆ, ತುರಿಕೆ ಅದರಿಂದ, ಹುಣಸೆಹುಳಿ ಹಾಕಿ ಚೆನ್ನಾಗಿ ಬೇಯಿಸಬೇಕು ಎಂದು ಮೊದಲ ಸಾಲಿನಲ್ಲೇ ಉತ್ತರ ಕೊಟ್ಟು, ಕಥೆಯನ್ನು ಕೆಳಗೆ ತಳ್ಳಿದೆ. ಯಾವ ಉಪಕರಣವೂ ಸೂಚಿಸದ ಈ ಪುಟ ಈಗ ಆಟಿಯಲ್ಲಿ ನಮ್ಮ ಜಾಲತಾಣದಲ್ಲೇ ಹೆಚ್ಚು ಓದಿಸಿಕೊಳ್ಳುವ ಪುಟ.

ಇದನ್ನೆಲ್ಲ ಬರೆದಿಡಲು ಕೆಲಸದ ಪಟ್ಟಿ ಇಡುವ ತಂತ್ರಾಂಶಗಳಾದ ಟ್ರೆಲ್ಲೋ ನೋಡಿದೆ, ನೋಷನ್ ನೋಡಿದೆ. ಇಬ್ಬರು ಮೂವರ ಕೆಲಸಕ್ಕೆ ಗೂಗಲ್ ಶೀಟ್ ಸಾಕು. ವಸ್ತು, ಮುಖ್ಯ ಪುಟ, ಪ್ರಶ್ನೆ, ವಿಳಾಸ, ಯಾವ ತಿಂಗಳೊಳಗೆ ತಿದ್ದಬೇಕು, ಕೊನೆಯ ಸಲ ತಿದ್ದಿದ್ದು ಯಾವಾಗ, ಇಷ್ಟೇ ಕಾಲಮ್‌ಗಳು. ಕ್ಯಾಲೆಂಡರ್ ಈಗ ಆ ಒಂದು ತಿಂಗಳ ಕಾಲಮ್‌ನಲ್ಲಿ ಉಳಿದಿದೆ, ಹಬ್ಬದ ಸಾಲುಗಳಿಗೆ ಮಾತ್ರ.

ಎಲ್ಲರಿಗೂ ಇದೇ ಹೊಂದುತ್ತದೆ ಎನ್ನಲಾರೆ. ಕನ್ನಡ ಸಂಘದ ಜಾಲತಾಣವಾದರೆ, ಯಕ್ಷಗಾನ, ವಾರ್ಷಿಕೋತ್ಸವ, ಸನ್ಮಾನ ಎಂದು ಎಲ್ಲವೂ ತಾರೀಖಿನ ಸುದ್ದಿ, ಅಲ್ಲಿ ವಿಷಯವಾರು ಕಟ್ಟುತ್ತ ಕೂರುವುದು ದಂಡ, ಕ್ಯಾಲೆಂಡರೇ ಸರಿ. ಪುಣೆಯಲ್ಲಿ ಮನೆಯಿಂದಲೇ ಸಾರಿನ ಪುಡಿ ಮಾಡಿ ಇಂಗ್ಲಿಷಿನಲ್ಲಿ ಮಾರುವ ಗೆಳತಿಯೊಬ್ಬಳಿಗೆ ಕೀವರ್ಡ್ ಪಟ್ಟಿಯಿಂದಲೇ ಶುರು ಮಾಡು ಎಂದೆ. ಅವಳ ಭಾಷೆಯಲ್ಲಿ ಅಂಕಿಗಳು ಸಿಗುತ್ತವೆ. ಆದರೂ ಬಾಡಿಗೆಯ ಉಪಕರಣಕ್ಕೆ ವರ್ಷದ ದುಡ್ಡು ಒಟ್ಟಿಗೆ ಕಟ್ಟಬೇಡ, ಒಂದು ತಿಂಗಳು ತೆಗೆದುಕೊಂಡು ಪಟ್ಟಿ ಇಳಿಸಿಕೊಂಡು ನಿಲ್ಲಿಸು ಎಂದೂ ಹೇಳಿದೆ.