ವಿರಾಜಪೇಟೆಯ ಸ್ಟುಡಿಯೋದಲ್ಲಿ ನಾಲ್ಕು ವರ್ಷ ದುಡಿದ ಎಸ್‌ಎಸ್‌ಡಿ

ವಿರಾಜಪೇಟೆಯ ನಮ್ಮ ಫೋಟೋ ಸ್ಟುಡಿಯೋದ ಕಂಪ್ಯೂಟರಿಗೆ 2021ರಲ್ಲಿ 500 ಜಿಬಿಯ ಕ್ರೂಶಿಯಲ್ ಎಂಎಕ್ಸ್ 500 ಎಂಬ ಎಸ್‌ಎಸ್‌ಡಿ (ತಿರುಗುವ ತಟ್ಟೆಯ ಬದಲು ಚಿಪ್‌ಗಳಲ್ಲಿ ದತ್ತಾಂಶ ಉಳಿಸುವ ಸಾಧನ) ಹಾಕಿಸಿದೆ. ಅದಕ್ಕೂ ಮೊದಲು ಇದ್ದ ಬೇರೆ ಕಂಪನಿಯ ಎಸ್‌ಎಸ್‌ಡಿ, ಆಟಿಯ ಮಳೆಯ ಒಂದು ಸಂಜೆ ಕರೆಂಟ್ ಹೋಗಿ ಬಂದ ಮೇಲೆ ಕಂಪ್ಯೂಟರಿಗೆ ಕಾಣಿಸಲೇ ಇಲ್ಲ. ಒಂದು ಮನೆಯವರ ಗಂಗಾಪೂಜೆಯ ಚಿತ್ರಗಳೆಲ್ಲ ಅದರೊಂದಿಗೇ ಹೋದವು. ಆ ನೋವು ಇನ್ನೂ ಇದೆ. ಹಳೆಯ ಹಾರ್ಡ್ ಡಿಸ್ಕ್‌ಗಳು ಕೆಡುವ ಮುಂಚೆ ಎಷ್ಟೋ ಸಲ ಕಟಕಟ ಸದ್ದು ಮಾಡುತ್ತಿದ್ದವು; ಎಸ್‌ಎಸ್‌ಡಿಗೆ ಆ ಸದ್ದೂ ಇಲ್ಲ.

ಎಸ್‌ಎಸ್‌ಡಿಯ ಸವಕಳಿ ಓದುವುದರಿಂದಲ್ಲ, ಬರೆದು ಅಳಿಸುವುದರಿಂದ ಆಗುತ್ತದೆ. ಪ್ರತಿ ಸಲ ಅಳಿಸುವಾಗಲೂ ಎಲೆಕ್ಟ್ರಾನುಗಳು ದತ್ತಾಂಶ ಹಿಡಿದಿಡುವ ಪುಟ್ಟ ಕೋಶದ ತೆಳುವಾದ ನಿರೋಧಕ ಪದರವನ್ನು ದಾಟಬೇಕಾಗುವುದರಿಂದ ಆ ಪದರ ಕ್ರಮೇಣ ಹಾಳಾಗುತ್ತದೆ. ಒಂದೇ ಜಾಗ ಬೇಗ ಸವೆಯದಂತೆ ಒಳಗಿನ ಕಂಟ್ರೋಲರ್ ಎಂಬ ನಿಯಂತ್ರಕ ಚಿಪ್ ಬರಹವನ್ನು ಎಲ್ಲ ಕೋಶಗಳಿಗೂ ಹಂಚುತ್ತದೆ. ನನ್ನ ಎಂಎಕ್ಸ್ 500ಕ್ಕೆ ಕಂಪನಿಯ ವಾರಂಟಿ 5 ವರ್ಷ ಅಥವಾ 180 ಟಿಬಿ (1 ಟಿಬಿ ಎಂದರೆ 1000 ಜಿಬಿ) ಬರಹ, ಯಾವುದು ಮೊದಲೋ ಅದು. ನಮ್ಮಲ್ಲಿ ದಿನಕ್ಕೆ ಸರಾಸರಿ 40 ಜಿಬಿ ಬರೆದರೂ ನಾಲ್ಕು ವರ್ಷಕ್ಕೆ ಸುಮಾರು 58 ಟಿಬಿ ಆಗುತ್ತದೆ, ಅಂದರೆ ಮಿತಿಯ ಮೂರನೆಯ ಒಂದು ಭಾಗವೂ ಮುಗಿದಿಲ್ಲ. ಆದ್ದರಿಂದ ಸವಕಳಿಯ ಬಗ್ಗೆ ಗ್ರಾಹಕರು ಪಡುವ ಭಯ ಅಗತ್ಯಕ್ಕಿಂತ ಹೆಚ್ಚು ಎಂದೇ ನನ್ನ ಅಭಿಪ್ರಾಯ.

ಕೊಡಗಿನಲ್ಲಿ ನಿಜವಾಗಿ ಅಂಜಬೇಕಾದದ್ದು ಕರೆಂಟಿಗೆ. ಬರೆಯುತ್ತಿರುವಾಗಲೇ ವಿದ್ಯುತ್ ಕಡಿದರೆ, ಯಾವ ಕಡತ ಎಲ್ಲಿದೆ ಎಂಬ ಒಳಗಿನ ಪಟ್ಟಿಯೇ ಕೆಡಬಹುದು. ಈಗಾಗಲೇ ಬರೆದಿಟ್ಟ ದತ್ತಾಂಶವನ್ನು ಅಂಥ ಹೊತ್ತಿನಲ್ಲಿ ಕಾಪಾಡುವ ವ್ಯವಸ್ಥೆ ಎಂಎಕ್ಸ್ 500ರಲ್ಲಿದ್ದರೂ, ಆ ಕ್ಷಣದಲ್ಲಿ ಬರೆಯಲ್ಪಡುತ್ತಿರುವುದನ್ನು ಅದು ಉಳಿಸಲಾರದು. ಅದಕ್ಕಾಗಿ ನಾನು ಯುಪಿಎಸ್ ಇಲ್ಲದೆ ಕಂಪ್ಯೂಟರ್ ಹಚ್ಚುವುದನ್ನೇ ಬಿಟ್ಟಿದ್ದೇನೆ, ಮಳೆಗಾಲದಲ್ಲಿ ಇದಕ್ಕೆ ವಿನಾಯಿತಿಯೇ ಇಲ್ಲ.

ಆದರೆ ಹಳೆಯ ಮದುವೆಗಳ ಚಿತ್ರಗಳನ್ನು ಎಸ್‌ಎಸ್‌ಡಿಯಲ್ಲಿ ತುಂಬಿ ಬೀರುವಿನಲ್ಲಿ ಇಡಬೇಡಿ. ವಿದ್ಯುತ್ ಇಲ್ಲದೆ ವರ್ಷಗಟ್ಟಲೆ ಬಿದ್ದಿದ್ದರೆ, ಅದರಲ್ಲೂ ಚೆನ್ನಾಗಿ ಸವೆದಿದ್ದರೆ, ಕೋಶಗಳ ವಿದ್ಯುದಂಶ ಸೋರಿ ಚಿತ್ರಗಳೇ ಅಳಿದುಹೋಗಬಹುದು. ಅವುಗಳಿಗೆ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳೇ ಸೂಕ್ತ.

ವೇಗದ ಬಗ್ಗೆ ದೂರಿಲ್ಲ, ಆದರೆ ತುಂಬಿ ತುಳುಕುವಾಗ ನಿಧಾನವಾಗುತ್ತದೆ. ಐದನೆಯ ಒಂದು ಭಾಗ ಖಾಲಿ ಬಿಡುತ್ತೇನೆ. ತೋಟದ ಲೆಕ್ಕ, ಫೋಟೋ ಕೆಲಸಗಳಿಗೆ ಇದು ಧಾರಾಳವಾಗಿ ಸಾಕು. ದಿನವೂ ವಿಡಿಯೋ ಸಂಕಲನ ಮಾಡುವವರು 360 ಟಿಬಿ ಮಿತಿಯಿರುವ 1 ಟಿಬಿಯದನ್ನೇ ಕೊಳ್ಳಲಿ.